ಸ್ಪ್ಯಾನರ್ ಕೆಳಗಿಡಿ ಎನ್ನುವವರಿಗೆ

ಹದಿನೈದು ವರ್ಷ ದಾಟಿದ ಬೈಕನ್ನು ಮನೆಯಂಗಳದಲ್ಲಿ ಬಿಚ್ಚಿಕೊಂಡು ಕೂತವನಿಗೆ ಬಂಗಾರಪೇಟೆಯಲ್ಲಿ ಉಪದೇಶ ಪುಕ್ಕಟೆ. ದಾರಿಯಲ್ಲಿ ಹೋಗುವವರು "ಏನಣ್ಣಾ, ಈ ಡಬ್ಬಾ ಇನ್ನೂ ಕೊಟ್ಟಿಲ್ವಾ?" ಅನ್ನುತ್ತಾರೆ. ಮನೆಯವರು "ಮೆಕ್ಯಾನಿಕ್ ಮಾಡೋ ಕೆಲಸ ನಿನಗ್ಯಾಕೆ, ದಾರೀಲಿ ಬ್ರೇಕ್ ಕೈಕೊಟ್ಟರೆ ಏನು ಗತಿ?" ಅನ್ನುತ್ತಾರೆ. ಷೋರೂಮಿನವರು ಕುರ್ಚಿ ಹಾಕಿ ಕೂರಿಸಿ, ನೀರು ಕೊಟ್ಟು, ಎಕ್ಸ್‌ಚೇಂಜ್ ಬೆಲೆ ಹೇಳುತ್ತಾರೆ. ಎಲ್ಲರ ಮಾತಿನ ತಿರುಳೂ ಒಂದೇ. ಹಳೆಯದು ಅಪಾಯ, ಅದನ್ನು ಮನೆಯಲ್ಲಿ ಬಿಚ್ಚುವುದು ಇನ್ನೂ ಅಪಾಯ, ಹೊಸದೊಂದು ಕೊಂಡು ಸರ್ವಿಸ್ ಬುಕ್ಕಿನ ಸಮೇತ ಕಂಪನಿಯವರ ಕೈಗೆ ಒಪ್ಪಿಸಿ ನಿಶ್ಚಿಂತೆಯಾಗಿರುವುದೇ ಜಾಣತನ.

ಈ ಜಾಣತನವನ್ನು ನಾನು ಒಪ್ಪುವುದಿಲ್ಲ. ಗಾಡಿ ಅಪಾಯಕಾರಿಯೋ ಅಲ್ಲವೋ ಎನ್ನುವುದನ್ನು ತೀರ್ಮಾನಿಸುವುದು ಅದು ಹುಟ್ಟಿದ ವರ್ಷವಲ್ಲ. ಕೊನೆಯ ಸಲ ಅದನ್ನು ಬಿಚ್ಚಿ ಯಾರು ನೋಡಿದರು, ಏನು ನೋಡಿದರು ಎನ್ನುವುದು. ಹಾಗೆ ನೋಡುವ ಕಣ್ಣು ಮಾಲೀಕನದೇ ಆಗಿದ್ದರೆ ಒಳ್ಳೆಯದು, ಯಾಕೆಂದರೆ ಅದೇ ಗಾಡಿಯ ಮೇಲೆ ಕೂತು ರಾತ್ರಿ ಹೊತ್ತು ಮುಳಬಾಗಿಲು ದಾಟಿ ಪಲಮನೇರಿನ ಕಡೆಗೆ ಹೋಗಬೇಕಾದವನು ಅವನೇ.

ಹಳೆಯ ಗಾಡಿ ಅಂದರೆ ಯಾವುದು ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಜಗಳಕ್ಕೆ ತಲೆಬುಡ ಇರುವುದಿಲ್ಲ. 2003ರಲ್ಲಿ ಹೀರೋ ಹೋಂಡಾ ಕರಿಜ್ಮಾ ಬಂತು. ಲೀಟರಿಗೆ ಎಷ್ಟು ಕೊಡುತ್ತೆ ಎಂದಷ್ಟೇ ಕೇಳಿ ಬೈಕು ಕೊಳ್ಳುತ್ತಿದ್ದ ದೇಶಕ್ಕೆ ಅದೇ ಕಂಪನಿ 223 ಸಿಸಿ ಎಂಜಿನ್ನು, ಸುಮಾರು 17 ಅಶ್ವಶಕ್ತಿ, ಮುಂದೆ ಡಿಸ್ಕ್ ಬ್ರೇಕು, 15 ಲೀಟರಿನ ಟ್ಯಾಂಕು, ಎದೆಗೆ ಗಾಳಿ ಬಡಿಯದಂತೆ ಅರ್ಧ ಫೇರಿಂಗು ಇರುವ ಗಾಡಿಯನ್ನು ಕೊಟ್ಟಿತು. ಜಾಹೀರಾತಿನಲ್ಲಿ ಹೃತಿಕ್ ರೋಷನ್ ಇದ್ದ. ಕಾಲೇಜು ಹುಡುಗರು ಅದನ್ನು ರೇಸಿನ ಗಾಡಿ ಅಂದುಕೊಂಡು ಕೊಂಡರು. ಅದು ಆಗಿದ್ದದ್ದು ದೂರದ ದಾರಿಯ ಗಾಡಿ. ಗಂಟೆಗೆ 80–90ರಲ್ಲಿ ಇಡೀ ದಿನ ಓಡಿಸಿದರೂ ಬೆನ್ನು ಹಿಡಿಯುವುದಿಲ್ಲ, ಎಂಜಿನ್ ಏದುಸಿರು ಬಿಡುವುದಿಲ್ಲ. 2009ರಲ್ಲಿ ಫ್ಯೂಯಲ್ ಇಂಜೆಕ್ಷನ್ನಿನ ಜೆಡ್‌ಎಂಆರ್ ಬಂತು. 2010ರ ಡಿಸೆಂಬರಿನಲ್ಲಿ ಹೀರೋ ಮತ್ತು ಹೋಂಡಾ ಬೇರೆಯಾಗುವುದಾಗಿ ಹೇಳಿಕೊಂಡವು. ಮನೆ ಇಬ್ಭಾಗವಾದಾಗ ಮಕ್ಕಳಿಗೆ ಆಗುವುದೇ ಆ ಗಾಡಿಗೂ ಆಯಿತು.  ಇವತ್ತು ಅದನ್ನು ಸರ್ವಿಸಿಗೆ ಒಯ್ದರೆ ಹುಡುಗರು ಸುತ್ತ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ, ಆಮೇಲೆ "ಪಾರ್ಟ್ಸ್ ಬರಲ್ಲ ಸರ್" ಅನ್ನುತ್ತಾರೆ.

ಇಲ್ಲೊಂದು ತಮಾಷೆಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ಮಾಡಿ 1996ರಲ್ಲಿ ಬಾಗಿಲು ಹಾಕಿತು. ಕಿಕ್ ಹೊಡೆಯುವ ಲಿವರನ್ನೇ ಮಡಚಿ ಗೇರ್ ಲಿವರ್ ಮಾಡಿಕೊಳ್ಳುವ ಯೆಜ್ಡಿ ರಸ್ತೆಗಿಳಿದರೆ ಈಗ ಜನ ಕೈ ಮುಗಿಯುವುದೊಂದು ಬಾಕಿ. ಅದರ ಮಾಲೀಕ ವಾರಕ್ಕೊಮ್ಮೆ ಪಾಯಿಂಟ್ ಉಜ್ಜಿದರೆ ಪರಂಪರೆಯ ರಕ್ಷಕ. ಆ ಹೆಸರುಗಳ ಮೇಲಿನ ಮಮತೆ ಎಷ್ಟೆಂದರೆ 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ಡಿಯನ್ನೂ ಮತ್ತೆ ಮಾರುಕಟ್ಟೆಗೆ ತಂದರು. ಅದೇ ಬೀದಿಯಲ್ಲಿ ಇಪ್ಪತ್ತು ವರ್ಷದ ಕರಿಜ್ಮಾದ ಟಪೆಟ್ ಸರಿಮಾಡುವವನು ಜಿಪುಣ. ಮೂವತ್ತು ದಾಟಿದ್ದು ಪರಂಪರೆ, ಹದಿನೈದು ದಾಟಿದ್ದು ಗುಜರಿ! ನಡುವಿನ ಹದಿನೈದು ವರ್ಷ ಯಾರೋ ಒಬ್ಬರು ಕೈ ಮಸಿ ಮಾಡಿಕೊಂಡು ಕಾಪಾಡದಿದ್ದರೆ ಮೂವತ್ತರ ಪರಂಪರೆ ಎಲ್ಲಿಂದ ಬರುತ್ತದೆ?

ಸ್ಪ್ಯಾನರ್ ಕೆಳಗಿಡಿ ಎನ್ನುವ ಈ ಮಾತು ಬೇರೆ ಯಾವ ಊರಿನಲ್ಲಿ ಕೇಳಿದರೂ ಸಹಿಸಿಕೊಳ್ಳಬಹುದಿತ್ತು. ಬಂಗಾರಪೇಟೆ, ಕೆಜಿಎಫ್ ಕಡೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ವಹಿಸಿಕೊಂಡಾಗಿನಿಂದ ಈ ನೆಲ ಬದುಕಿದ್ದು ಯಂತ್ರ ರಿಪೇರಿಯ ಮೇಲೆ. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ತಂದದ್ದು ಬೀದಿ ದೀಪಕ್ಕಲ್ಲ, ಗಣಿಯ ಯಂತ್ರಗಳಿಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ಕೆಳಗೆ ಇಳಿಯುವ ಕೂಲಿಯ ಪ್ರಾಣ ಮೇಲೆ ಕೂತ ವೈಂಡಿಂಗ್ ಎಂಜಿನ್ನಿನ ಡ್ರೈವರನ ಕೈಯಲ್ಲೂ ಉಕ್ಕಿನ ಹಗ್ಗದಲ್ಲೂ ಇತ್ತು. ಅಲ್ಲಿ ಯಾರೂ ಈ ಎಂಜಿನ್ನಿಗೆ ಎಷ್ಟು ವರ್ಷ ಎಂದು ಕೇಳಿ ಬೋನಿಗೆ ಹತ್ತುತ್ತಿರಲಿಲ್ಲ. ಹಗ್ಗದ ತುದಿಯನ್ನು ಕಾಲಕಾಲಕ್ಕೆ ಕತ್ತರಿಸಿ ಪರೀಕ್ಷೆ ಮಾಡಿ ಹೊಸದಾಗಿ ಕಟ್ಟಿದ್ದಾರೆಯೇ, ಬ್ರೇಕು ನೋಡಿದ್ದಾರೆಯೇ, ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದಾರೆಯೇ ಎನ್ನುವುದೇ ಪ್ರಶ್ನೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಫಿಟ್ಟರು, ಟರ್ನರು, ವೆಲ್ಡರುಗಳ ಕೈಗಳು ಮುಚ್ಚಲಿಲ್ಲ. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದವು, ಕೆಲವು ಲೇತ್ ಅಂಗಡಿ ಹಾಕಿಕೊಂಡವು. ಪಕ್ಕದಲ್ಲೇ ಬೆಮೆಲ್ ಕಾರ್ಖಾನೆ ಬುಲ್ಡೋಜರು ಮಾಡುತ್ತಿದೆ. ಇಂಥ ಕಡೆ ಹುಟ್ಟಿದವನು "ಚೈನ್ ಟೈಟ್ ಮಾಡೋಕೂ ಷೋರೂಮಿಗೇ ಬಿಡ್ಬೇಕು" ಅಂದರೆ ಅವನ ತಾತ ಏನನ್ನಬೇಕು?

ಇರಲಿ, ತಾತಂದಿರನ್ನು ಬಿಡೋಣ. ವಾದವನ್ನು ವಾದವಾಗಿಯೇ ನೋಡೋಣ.

ಅಧಿಕೃತ ಕೈ ಸುರಕ್ಷಿತ, ಮನೆಯ ಕೈ ಅಪಾಯ ಎನ್ನುವುದು ಮೊದಲನೆಯದು. ನನ್ನ ಗಾಡಿಯ ಆಯಿಲ್ ಡ್ರೈನ್ ಬೋಲ್ಟನ್ನು ಗಾಳಿ ಗನ್ನಿನಲ್ಲಿ ಬಿಗಿದು ಥ್ರೆಡ್ ತಿಂದು ಹಾಕಿದ್ದು ಮನೆಯ ಕೈಯಲ್ಲ, ಬಿಲ್ಲು ಕೊಡುವ ಕೈ. ಮುಂದಿನ ಸಲ ಆಯಿಲ್ ಬದಲಿಸಲು ಹೋದಾಗ ಬೋಲ್ಟು ಅಲ್ಯೂಮಿನಿಯಂ ಎಳೆಗಳ ಸಮೇತ ಈಚೆಗೆ ಬಂತು. ಅದನ್ನು ಸರಿಮಾಡಿದ್ದು ರಾಬರ್ಟ್‌ಸನ್‌ಪೇಟೆಯ ಕಡೆಯ ಒಂದು ಲೇತ್ ಅಂಗಡಿ. ತೂತನ್ನು ಕೊಂಚ ದೊಡ್ಡದು ಮಾಡಿ, ಹೊಸ ಥ್ರೆಡ್ ಹೊಡೆದು, ಒಳಗೆ ಉಕ್ಕಿನ ಬುಷ್ ಕೂರಿಸಿದರು. ಈಗ ಆ ಜಾಗ ಕಂಪನಿ ಕೊಟ್ಟಾಗ ಇದ್ದದ್ದಕ್ಕಿಂತ ಗಟ್ಟಿ. ತಪ್ಪು ಆ ಹುಡುಗನದೂ ಅಲ್ಲ. ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು ಎಂದು ಮೇಲಿನವರು ನಿಂತಿದ್ದರೆ ಯಾರು ಟಾರ್ಕ್ ರೆಂಚ್ ಹುಡುಕುತ್ತಾ ಕೂರುತ್ತಾರೆ? ಮಾಲೀಕನಿಗೆ ಆ ಅವಸರವಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿ ತಿಂದು ಕೂತರೆ ಊಟದ ಹೊತ್ತಿಗೆ ಒಂದೇ ಕೆಲಸ ಮುಗಿದರೂ ಕೇಳುವವರಿಲ್ಲ.

ಆಯಿಲ್ ವಿಚಾರವನ್ನೇ ತೆಗೆದುಕೊಳ್ಳಿ. ಕಾರಿನಲ್ಲಿ ಕ್ಲಚ್ಚು ಒಣಗಿದ ಜಾಗದಲ್ಲಿರುತ್ತದೆ, ಬೈಕಿನಲ್ಲಿ ಅದೇ ಎಂಜಿನ್ ಆಯಿಲ್‌ನಲ್ಲಿ ಮುಳುಗಿರುತ್ತದೆ. ಘರ್ಷಣೆ ತಗ್ಗಿಸುವ ಮದ್ದು ಬೆರೆಸಿದ ಕಾರಿನ ಆಯಿಲ್ ಸುರಿದರೆ ಕ್ಲಚ್ ಪ್ಲೇಟು ಜಾರಲು ಶುರು. ಅದಕ್ಕೇ ಬೈಕಿನ ಡಬ್ಬದ ಮೇಲೆ ಜಾಸೋ ಎಂಎ ಎಂಬ ಗುರುತು ಇರಬೇಕು. ಬೀದಿಯ ಗ್ಯಾರೇಜಿನಲ್ಲೂ ಕೆಲವೊಮ್ಮೆ ಷೋರೂಮಿನಲ್ಲೂ ಬ್ಯಾರಲ್ಲಿನಿಂದ ಅಳತೆ ಜಗ್ಗಿಗೆ ಹಿಡಿದು ಸುರಿಯುವ ಆಯಿಲ್‌ನ ಜಾತಿ ಯಾವುದು ಎಂದು ನೀವು ಯಾವತ್ತಾದರೂ ಕೇಳಿದ್ದೀರಾ? ಮನೆಯಲ್ಲಿ ಸುರಿಯುವವನು ಕೇಳಬೇಕಾಗಿಲ್ಲ, ಸೀಲು ಒಡೆದವನೇ ಅವನು.

ಗಾಡಿ ಕಂಪನಿಗಳಿಗೆ ಮಾಲೀಕನ ಪ್ರಾಣದ ಮೇಲೆ ಇರುವ ಕಾಳಜಿಯಿಂದಲೇ ಬಿಚ್ಚಬೇಡಿ ಅನ್ನುತ್ತಾರೆ ಎಂದು ನಂಬುವವರು ಒಂದು ಹಳೆಯ ಪ್ರಕರಣ ನೆನಪಿಸಿಕೊಳ್ಳಬೇಕು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಅಸಲಿ ಬಿಡಿಭಾಗಗಳನ್ನೂ ರಿಪೇರಿಗೆ ಬೇಕಾದ ಮಾಹಿತಿ, ಸಲಕರಣೆಗಳನ್ನೂ ಹೊರಗಿನ ಗ್ಯಾರೇಜಿಗೆ ಸಿಗದಂತೆ ಮಾಡಿ ಗಿರಾಕಿಯನ್ನು ತಮ್ಮ ಜಾಲಕ್ಕೇ ಕಟ್ಟಿಹಾಕಿದ್ದರು ಎನ್ನುವುದು ಆರೋಪ. ಕಂಪನಿಗಳು ಮುಂದಿಟ್ಟ ಸಮರ್ಥನೆಗಳಲ್ಲಿ ಒಂದು ಸುರಕ್ಷತೆ! ಪ್ರಕರಣ ಆಮೇಲೆ ಮೇಲ್ಮನವಿಯ ಹಾದಿ ಹಿಡಿಯಿತು, ಅದು ಬೇರೆ ಕತೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಸರ್ಕಾರವೇ ಹಕ್ಕು ಅನ್ನುತ್ತಿರುವುದನ್ನು ನಮ್ಮ ಅಕ್ಕಪಕ್ಕದವರು ಹುಚ್ಚು ಅನ್ನುತ್ತಾರೆ.

ಸರ್ವಿಸ್ ಪುಸ್ತಕಕ್ಕೆ ಗೊತ್ತಿಲ್ಲದ ಒಂದು ಸಂಗತಿ ನಮ್ಮೂರಿನಲ್ಲಿದೆ. ಅದು ಸೈನೈಡ್ ಗುಡ್ಡ. ಚಿನ್ನ ತೆಗೆದು ಉಳಿದ ಅರೆದ ಕಲ್ಲಿನ ಪುಡಿಯ 13 ರಾಶಿಗಳು, ಸುಮಾರು 3.3 ಕೋಟಿ ಟನ್. 2024ರಲ್ಲಿ ಅದನ್ನು ಮತ್ತೆ ಸೋಸಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದ್ದು ಪೇಪರಿನಲ್ಲಿ ಬಂದಿತ್ತು. ಆಷಾಢದ ಗಾಳಿ ಎದ್ದಾಗ ಆ ಪುಡಿ ಮಾರಿಕುಪ್ಪಂ, ಕೋರಮಂಡಲ್ ಕಡೆಯ ಮನೆಗಳ ಅಟ್ಟದವರೆಗೂ ಹೋಗುತ್ತದೆ. ಮೈದಾ ಹಿಟ್ಟಿಗಿಂತ ನುಣುಪು, ಆದರೆ ಕಲ್ಲು. ಅದು ಏರ್ ಫಿಲ್ಟರಿನ ಅಂಚು ದಾಟಿ ಒಳಗೆ ಹೋಯಿತೆಂದರೆ ಪಿಸ್ಟನ್ನು, ಸಿಲಿಂಡರಿನ ನಡುವೆ ಅರೆಯುವ ಕಲ್ಲಾಗುತ್ತದೆ. ಮೊದಲು ಪಿಕಪ್ ಇಳಿಯುತ್ತದೆ, ಆಮೇಲೆ ಆಯಿಲ್ ಉರಿದು ನೀಲಿ ಹೊಗೆ. ಸರ್ವಿಸಿನವರು ನೋಡುವುದು ಮೀಟರಿನ ಕಿಲೋಮೀಟರು. ಈ ತಿಂಗಳು ಗಾಳಿ ಯಾವ ಕಡೆಯಿಂದ ಬೀಸಿತು ಎನ್ನುವುದು ಕಂಪ್ಯೂಟರಿನಲ್ಲಿಲ್ಲ. ಆಂಡರ್ಸನ್‌ಪೇಟೆಯಲ್ಲಿ ಗಾಡಿ ನಿಲ್ಲಿಸುವವನು ಆಷಾಢ ಕಳೆದ ಕೂಡಲೇ ಫಿಲ್ಟರ್ ಪೆಟ್ಟಿಗೆ ತೆಗೆಯಬೇಕು, ಫಿಲ್ಟರು ಎಣ್ಣೆ ಸವರಿದ ಕಾಗದದ್ದಾದರೆ ಊದಿ ಒರೆಸಿ ಮತ್ತೆ ಹಾಕದೆ ಹೊಸದು ಹಾಕಬೇಕು, ಪೆಟ್ಟಿಗೆಯ ರಬ್ಬರು ಬಿರುಕು ಬಿಟ್ಟಿದೆಯೇ ಎಂದು ಬೆರಳಿನಲ್ಲಿ ಸವರಿ ನೋಡಬೇಕು. ಐದು ನಿಮಿಷದ ಕೆಲಸ. ಇದನ್ನು ಮಾಡುವ ಅಧಿಕೃತ ಕೈ ನನಗಿನ್ನೂ ಸಿಕ್ಕಿಲ್ಲ.

ಈಗ ಪೆಟ್ರೋಲಿನ ಮಾತಿಗೆ ಬರೋಣ, ಯಾಕೆಂದರೆ ಹಳೆಯ ಗಾಡಿ ಮಾರಿಬಿಡಿ ಎನ್ನುವವರ ಹೊಸ ಅಸ್ತ್ರ ಇದೇ. ಬಂಕಿನಲ್ಲಿ ಈಗ ಸಿಗುವುದು ಶೇ 20 ಎಥೆನಾಲ್ ಬೆರೆತ ಇ20. ನೀತಿ ಆಯೋಗದ 2021ರ ವರದಿಯೇ, ಶುದ್ಧ ಪೆಟ್ರೋಲಿಗೆ ರೂಪಿಸಿ ಇ10ಗೆ ಹೊಂದಿಸಿದ ದ್ವಿಚಕ್ರ ವಾಹನದ ಮೈಲೇಜು ಇ20ಯಿಂದ ಶೇ 3ರಿಂದ 4ರಷ್ಟು ಇಳಿಯುತ್ತದೆ ಎಂದು ಅಂದಾಜಿಸಿತ್ತು. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಲಿ ಎಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಾಗಾಗಿ ಕುಡಿಸುವುದು ಇದನ್ನೇ. "ಹಳೇ ಗಾಡಿಗೆ ಇದು ಆಗಲ್ಲ ಸರ್, ಕೊಟ್ಬಿಡಿ" ಅನ್ನುತ್ತಾರೆ. ಆಗುವುದಿಲ್ಲ ಎನ್ನುವುದು ಅರ್ಧ ನಿಜ. ಹಾಗೆಯೇ ಬಿಟ್ಟರೆ ಆಗುವುದಿಲ್ಲ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕರಿಜ್ಮಾದ ಕಾರ್ಬೊರೇಟರನ್ನು ಈಚೆ ತೆಗೆದು ಹಳೆಯ ಪೇಪರಿನ ಮೇಲೆ ತಲೆಕೆಳಗು ಮಾಡಿ ನೋಡಿ. ಕೆಳಗಿನ ಬಟ್ಟಲಿನ ಸ್ಕ್ರೂಗಳನ್ನು ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರಿನಲ್ಲಿ ತಿರುಗಿಸಬೇಡಿ, ತಲೆ ಸವೆದುಹೋಗುತ್ತದೆ. ಜಪಾನೀ ಅಳತೆಯ ತುದಿ ಬೇರೆ, ಅದು ಪೂರ್ತಿ ಆಳಕ್ಕೆ ಕೂರುತ್ತದೆ. ಬಟ್ಟಲು ಬಿಚ್ಚಿದರೆ ತಳದಲ್ಲಿ ಕಂದು ಅಂಟು. ಎಥೆನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ನೀರಿನ ಸಮೇತ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಟ್ಯಾಂಕಿನ ತುಕ್ಕಿನ ಪುಡಿಯೂ ಅದರ ಜೊತೆ. ಫ್ಲೋಟಿನ ಸೂಜಿಯ ರಬ್ಬರು ತುದಿಯಲ್ಲಿ ಉಂಗುರದಂಥ ಗೆರೆ ಕಾಣಿಸಿದರೆ ಅದು ಹೋಯಿತು, ರಾತ್ರಿಯಿಡೀ ಪೆಟ್ರೋಲು ತೊಟ್ಟಿಕ್ಕುತ್ತದೆ. ಪೈಲಟ್ ಜೆಟ್ಟನ್ನು ಬಿಚ್ಚಿ ಬಿಸಿಲಿಗೆ ಹಿಡಿದರೆ ಕೂದಲೆಳೆಯಷ್ಟು ತೂತಿನಲ್ಲಿ ಬೆಳಕು ಕಾಣಬೇಕು. ಕಾಣದಿದ್ದರೆ ಕೇಬಲ್ಲಿನ ತಂತಿ ತೂರಿಸಿ ಕೆದಕುವುದು ನಮ್ಮ ಗ್ಯಾರೇಜುಗಳ ಚಾಳಿ. ಹಿತ್ತಾಳೆಯ ತೂತು ದೊಡ್ಡದಾಗಿ ಗಾಡಿ ಆಮೇಲೆ ಎಂದೂ ಸರಿಯಾಗಿ ಐಡಲ್ ನಿಲ್ಲುವುದಿಲ್ಲ. ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಯಬೇಕು. ಮೇಲಿನ ತೆಳು ರಬ್ಬರು ಪರದೆಗೆ ಮಾತ್ರ ಆ ಸ್ಪ್ರೇ ತಾಗಿಸಬಾರದು, ಊದಿಕೊಂಡು ವಾಪಸ್ ತನ್ನ ಗೂಡಿಗೆ ಕೂರುವುದಿಲ್ಲ.

ಆಮೇಲೆ ಬರುವುದೇ ನಿಜವಾದ ಮಾಡಿಫಿಕೇಶನ್ನು. ಎಥೆನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ಸೆನ್ಸರ್ ಇರುವ ಹೊಸ ಗಾಡಿ ಇದನ್ನು ಒಂದು ಮಟ್ಟಿಗೆ ತಾನೇ ಸರಿಮಾಡಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಆ ಬುದ್ಧಿಯಿಲ್ಲ, ಅದರ ಬುದ್ಧಿ ನೀವೇ. ಪೆಟ್ರೋಲ್ ಪೈಪು, ಓ ರಿಂಗುಗಳನ್ನು ಎಥೆನಾಲ್ ತಡೆಯುವ ರಬ್ಬರಿಗೆ ಬದಲಿಸಿ, ಮುಖ್ಯ ಜೆಟ್ಟನ್ನು ಒಂದು ಅಳತೆ ಮೇಲಕ್ಕೆ ಏರಿಸಿ, ಪೈಲಟ್ ಸ್ಕ್ರೂವನ್ನು ಕಾಲು ಸುತ್ತು ತೆರೆದು, ಒಂದಿಷ್ಟು ದೂರ ಓಡಿಸಿ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬೆಳ್ಳಗಿದ್ದರೆ ಇನ್ನೂ ತೆಳು, ಮಸಿಯಿದ್ದರೆ ಅತಿಯಾಯಿತು, ತಿಳಿ ಕಂದು ಇದ್ದರೆ ಸಾಕು. ಕೊನೆಗೆ ಹೊಗೆ ತಪಾಸಣೆಗೆ ಒಯ್ದು ಅಂಕಿ ನೋಡಿ. ಅನುಮಾನವಿದ್ದವರ ಬಾಯಿ ಮುಚ್ಚಿಸಲು ಆ ಚೀಟಿ ಒಳ್ಳೆಯದು. ಯಾವ ಕೌಂಟರಿನಲ್ಲಿ ಈ ಕೆಲಸಕ್ಕೆ ಬಿಲ್ಲು ಹಾಕುತ್ತಾರೆ? ಅವರ ಪಟ್ಟಿಯಲ್ಲಿ ಇಂಥದೊಂದು ಕೆಲಸವೇ ಇಲ್ಲ. ಅದಕ್ಕೇ "ಕೊಟ್ಬಿಡಿ" ಅನ್ನುತ್ತಾರೆ.

ಎರಡನೆಯ ವಾದ ಹೆಚ್ಚು ಗಟ್ಟಿ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಹೊಸ ಗಾಡಿಯಲ್ಲಿ ಎಬಿಎಸ್ ಇದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕಿಗೂ ಅದು ಕಡ್ಡಾಯ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯ ಅಧ್ಯಯನದಲ್ಲಿ ಎಬಿಎಸ್ ಇರುವ ಬೈಕುಗಳ ಮಾರಣಾಂತಿಕ ಅಪಘಾತದ ಪ್ರಮಾಣ ಶೇ 22ರಷ್ಟು ಕಡಿಮೆ ಇತ್ತು. ಮನೆಯಲ್ಲಿ ಕೂತು ಯಾರೂ ಎಬಿಎಸ್ ಕೂರಿಸಲಾರರು. ಇದು ಹಳೆಯ ಗಾಡಿಯ ನಿಜವಾದ ಕೊರತೆ, ಒಪ್ಪಿದೆ. ದಿನವೂ ಬೆಂಗಳೂರಿನ ಟ್ರಾಫಿಕ್ಕಿಗೆ ಹೋಗಿ ಬರುವ ಹುಡುಗನಿಗೆ ನಾನೂ ಹೊಸದನ್ನೇ ಹೇಳುತ್ತೇನೆ, ಅದಕ್ಕಿಂತ ರೈಲನ್ನು ಹೇಳುತ್ತೇನೆ.

ಆದರೆ ಈ ವಾದ ಹೂಡುವವರ ಗಾಡಿಯ ಟೈರನ್ನು ಒಮ್ಮೆ ಬಗ್ಗಿ ನೋಡಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 3418 ಎಂದಿದ್ದರೆ 2018ರ 34ನೇ ವಾರದಲ್ಲಿ ತಯಾರಾದದ್ದು. ಎಬಿಎಸ್ ಇರುವ ಎಷ್ಟೋ ಗಾಡಿಗಳು ಕಂಪನಿಯಿಂದ ಬಂದ ಗಟ್ಟಿಯಾದ ಟೈರಿನಲ್ಲೇ ಓಡುತ್ತಿವೆ, ಪಟ್ಟೆ ಇನ್ನೂ ಇದೆಯಲ್ಲ ಎನ್ನುವ ಧೈರ್ಯ. ಬ್ರೇಕ್ ಆಯಿಲ್ ನೋಡಿ. ಡಾಟ್ 4 ದ್ರವ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಮಾನದಂಡದ ಕನಿಷ್ಠ 155ಕ್ಕೆ ಇಳಿಯುತ್ತದೆ. ಏಲಗಿರಿಯ ಇಳಿಜಾರಿನ ತಿರುವುಗಳಲ್ಲಿ ಬ್ರೇಕು ಕಾದಾಗ ಈ ವ್ಯತ್ಯಾಸ ಲಿವರಿನಲ್ಲಿ ಗೊತ್ತಾಗುತ್ತದೆ, ಲಿವರು ಸ್ಪಂಜಿನಂತೆ ಒಳಗೆ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಎಬಿಎಸ್ ಏನೂ ಮಾಡುವುದಿಲ್ಲ, ಅದು ತಡೆಯುವುದು ಚಕ್ರ ಲಾಕ್ ಆಗುವುದನ್ನು. ಸರ್ವಿಸಿನಲ್ಲಿ ಮಾಡುವುದು ಮೇಲಿನ ಡಬ್ಬಿಯಲ್ಲಿ ಕಡಿಮೆಯಾದಷ್ಟು ತುಂಬಿಸುವುದು. ಕ್ಯಾಲಿಪರಿನ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಹಳೆಯ ದ್ರವವನ್ನೆಲ್ಲಾ ಹೊರಹಾಕಿ, ಗುಳ್ಳೆ ನಿಲ್ಲುವವರೆಗೆ ಲಿವರ್ ಒತ್ತುತ್ತಾ ಕೂರುವಷ್ಟು ತಾಳ್ಮೆ ಇರುವುದು ಮನೆಯ ಕೈಗೆ.

ಇನ್ನು ನಮ್ಮವರದೇ ಪಾಪ. ಹಳೆಯ ಗಾಡಿ ಮಾಡಿಫೈ ಮಾಡುವವರ ಮೇಲೆ ಊರಿಗೆ ಕೋಪ ಬಂದದ್ದು ಸುಮ್ಮನೆ ಅಲ್ಲ. ಸೈಲೆನ್ಸರಿನ ಒಳಗಿನದನ್ನು ಕಿತ್ತೆಸೆದು ರಾತ್ರಿ ಹನ್ನೊಂದಕ್ಕೆ ಸ್ಟೇಷನ್ ರಸ್ತೆಯಲ್ಲಿ ಸಿಡಿಸಿಕೊಂಡು ಹೋಗುವವನೂ ತನ್ನನ್ನು ಮೋಟಾರ್‌ಸೈಕಲ್ ಪ್ರೇಮಿ ಅನ್ನುತ್ತಾನೆ. ಪೊಲೀಸರು ಅಂಥ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದಾಗ ನಾನು ಮನಸ್ಸಿನಲ್ಲೇ ಚಪ್ಪಾಳೆ ಹೊಡೆದವನು. ಸಣ್ಣ ರಿಮ್ಮಿಗೆ ಅಗಲದ ಟೈರು ತುರುಕುವವನಿಗೆ ಟೈರಿನ ಬೆನ್ನು ಗುಮ್ಮಟದಂತೆ ಉಬ್ಬಿ ತಿರುವಿನಲ್ಲಿ ಗಾಡಿ ಹಟ ಮಾಡುವುದು ಗೊತ್ತಿಲ್ಲ. ಹ್ಯಾಲೊಜೆನ್ ಬಲ್ಬಿಗೆ ಮಾಡಿದ ರಿಫ್ಲೆಕ್ಟರಿಗೆ ಬಿಳಿ ಎಲ್‌ಇಡಿ ಹಾಕುವವನಿಗೆ ಎದುರಿನವನ ಕಣ್ಣು ಕುರುಡಾಗುವುದು ಬೇಕಿಲ್ಲ. ಇವರಿಂದಾಗಿ ಮಾಡಿಫಿಕೇಶನ್ ಅಂದರೆ ಸದ್ದು, ಬಣ್ಣ, ಕೊಬ್ಬು ಎಂದಾಯಿತು.

ಕಾನೂನು ಹೇಳುವುದೇನು ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿ ನಮೂದಾದ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ನಿಯಮ ಮೀರಿದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು ಎಂದಿತು. ಇದನ್ನು ಹಿಡಿದು "ಏನೂ ಮುಟ್ಟಬಾರದು, ಮುಟ್ಟಿದರೆ ಕೇಸು" ಎಂದು ಹೆದರಿಸುವವರಿದ್ದಾರೆ. ಎಂಜಿನ್ನು, ಚಾಸಿ, ಸೈಲೆನ್ಸರ್ ಬದಲಿಸಬೇಡಿ, ಸರಿ. ಫೋರ್ಕಿನ ಆಯಿಲ್ ಬದಲಿಸಿ ಕೊಂಚ ಮಂದದ್ದು ಹಾಕಿದರೆ ಆರ್‌ಸಿಯ ಯಾವ ಸಾಲು ಬದಲಾಗುತ್ತದೆ? ಇಪ್ಪತ್ತು ವರ್ಷದಲ್ಲಿ ಹಿಂಡಿಹೋದ ಸೀಟಿನ ಫೋಮನ್ನು ಕುಶನ್ ಅಂಗಡಿಯಲ್ಲಿ ಗಟ್ಟಿ ಫೋಮಿಗೆ ಬದಲಿಸಿದರೆ?

ಕರಿಜ್ಮಾದ ಹೆಡ್‌ಲೈಟು ಫೇರಿಂಗಿಗೆ, ಫೇರಿಂಗು ಚಾಸಿಗೆ ಅಂಟಿಕೊಂಡಿದೆ. ಹ್ಯಾಂಡಲ್ ತಿರುಗಿಸಿದರೆ ಬೆಳಕು ತಿರುಗುವುದಿಲ್ಲ, ಹೇರ್‌ಪಿನ್ನಿನಲ್ಲಿ ನೀವು ಎಡಕ್ಕೆ ಹೋಗುತ್ತಿದ್ದರೆ ಅದು ನೇರ ಕಮರಿಯನ್ನು ತೋರಿಸುತ್ತಿರುತ್ತದೆ. ಅದರ ಜೊತೆಗೆ ಇಪ್ಪತ್ತು ವರ್ಷದ ತಂತಿಯಲ್ಲೂ ಸ್ವಿಚ್ಚಿನಲ್ಲೂ ವೋಲ್ಟೇಜು ಸೋರಿ ಬಲ್ಬಿಗೆ ಮುಟ್ಟುವಷ್ಟರಲ್ಲಿ ಬೆಳಕು ಹಳದಿಯಾಗಿರುತ್ತದೆ. ಕಂಪನಿ ಹೇಳಿದ ವ್ಯಾಟಿನ ಬಲ್ಬನ್ನೇ ಇಟ್ಟುಕೊಂಡು, ಕನೆಕ್ಟರುಗಳ ಹಸಿರು ಕಿಲುಬು ಉಜ್ಜಿ, ಅರ್ಥಿಂಗ್ ಹೊಸದು ಎಳೆದು, ಬ್ಯಾಟರಿಯಿಂದ ಓಡುವ ದೀಪವಾದರೆ ಫ್ಯೂಸು ಮತ್ತು ರಿಲೇ ಮೂಲಕ ನೇರ ತಂತಿ ಕೊಟ್ಟರೆ ಅದೇ ಬಲ್ಬು ಬೇರೆಯೇ ಬೆಳಗುತ್ತದೆ. ಎದುರಿನವರ ಕಣ್ಣಿಗೂ ಚುಚ್ಚುವುದಿಲ್ಲ. ನಾನು ಸಮರ್ಥಿಸುತ್ತಿರುವ ಮಾಡಿಫಿಕೇಶನ್ ಇದು, ಹೊರಗಿನಿಂದ ನೋಡಿದರೆ ಏನೂ ಮಾಡಿದಂತೆ ಕಾಣಬಾರದು.

ಹೊಗೆಯ ವಿಚಾರದಲ್ಲಿ ನನ್ನ ಪಕ್ಷ ದುರ್ಬಲ, ಮುಚ್ಚಿಡುವುದಿಲ್ಲ. 2020ರ ಏಪ್ರಿಲ್‌ನ ನಂತರದ ಬಿಎಸ್-6 ಗಾಡಿ ಪ್ರತಿ ಕಿಲೋಮೀಟರಿಗೆ ಉಗುಳುವ ವಿಷ ಹಳೆಯದಕ್ಕಿಂತ ಬಹಳ ಕಡಿಮೆ. ಆದರೆ ವರ್ಷದಲ್ಲಿ ನಾಲ್ಕಾರು ಸಲ ದೂರ ಹೋಗಿ ಉಳಿದ ದಿನ ಹೊದಿಕೆಯಡಿ ಇರುವ ಗಾಡಿಯನ್ನು ದಿನವೂ ಓಡುವ ಗಾಡಿಯ ತಕ್ಕಡಿಯಲ್ಲೇ ತೂಗುವುದು ಯಾವ ನ್ಯಾಯ? ಹೊಸ ಗಾಡಿಯ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ಕು ಹೊಗೆ ಇಲ್ಲದೆ ತಯಾರಾದವೇ? ಪರಿಸರದ ಹೆಸರು ಹೇಳಿ ನಾಲ್ಕು ವರ್ಷಕ್ಕೊಂದು ಗಾಡಿ ಬದಲಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ನನ್ನ ಪಕ್ಷದವರಿಗೂ ಒಂದು ಮಾತು: ಮನೆಯಲ್ಲಿ ಆಯಿಲ್ ಬದಲಿಸಿ ಹಳೆಯದನ್ನು ಚರಂಡಿಗೆ ಸುರಿಯುವವನು ಸ್ಪ್ಯಾನರ್ ಹಿಡಿಯಲು ಯೋಗ್ಯನಲ್ಲ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆ ತುಂಬಿಸಿಕೊಳ್ಳುವ ಸ್ಥಿತಿಗೆ ಬಂದ ಜಿಲ್ಲೆ ಇದು. ಡಬ್ಬದಲ್ಲಿ ತುಂಬಿಟ್ಟು ಹಳೆಯ ಆಯಿಲ್ ಕೊಳ್ಳುವವರಿಗೆ ಕೊಡಿ. ಕ್ರ್ಯಾಂಕು, ಸಿಲಿಂಡರ್ ಬೋರಿಂಗು, ಪ್ರೆಸ್ ಬೇಕಾದ ಬೇರಿಂಗುಗಳ ತಂಟೆಗೂ ಮನೆಯಲ್ಲಿ ಹೋಗಬೇಡಿ. ಅದಕ್ಕೆ ಲೇತಿನವರು, ಬೋರಿಂಗಿನವರು ಇದ್ದಾರೆ, ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಯಾವುದು ತನ್ನ ಕೈಲಾಗದು ಎಂದು ಗೊತ್ತಾಗುವುದೂ ಬಿಚ್ಚಿ ನೋಡಿದವನಿಗೇ.

ಸರ್ಕಾರಕ್ಕೂ ವಯಸ್ಸಿನದೇ ಚಿಂತೆ. ಹದಿನೈದು ವರ್ಷದ ನಂತರದ ಬೈಕಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300ರಿಂದ 1,000 ರೂಪಾಯಿಗೆ ಏರಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ದಾಟಿದ್ದಕ್ಕೆ 2,000 ಆಯಿತು. ಹಸಿರು ತೆರಿಗೆ ಬೇರೆ. ಕೊಡೋಣ, ದುಡ್ಡಿನ ತಕರಾರಲ್ಲ. ದುಡ್ಡು ತೆಗೆದುಕೊಂಡು ಏನು ನೋಡುತ್ತಾರೆ ಎನ್ನುವುದು ತಕರಾರು. ಎಷ್ಟೋ ಕಡೆ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಕೊಂಡರೆ ಗಾಡಿ ಫಿಟ್. ನನಗೆ ಬೇಕಾದದ್ದು ಇನ್ನೂ ಕಟ್ಟುನಿಟ್ಟಿನ ಪರೀಕ್ಷೆ. ಬ್ರೇಕನ್ನು ರೋಲರಿನ ಮೇಲೆ ನಿಲ್ಲಿಸಿ ಅಳೆಯಲಿ, ಟೈರಿನ ನಾಲ್ಕು ಅಂಕಿ ಓದಲಿ, ಫೋರ್ಕು ಸೋರುತ್ತಿದೆಯೇ, ಸ್ಟೀರಿಂಗ್ ಬೇರಿಂಗು ಆಡುತ್ತಿದೆಯೇ ನೋಡಲಿ, ಹೊಗೆಯನ್ನೂ ಸದ್ದನ್ನೂ ಅಳೆಯಲಿ. ಸೋತರೆ ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬರಲು ನಾನು ತಯಾರು. ಒಂದೇ ಷರತ್ತು. ಖಾಸಗಿ ದ್ವಿಚಕ್ರ ವಾಹನವನ್ನು ಕೊಂಡ ದಿನದಿಂದ ಹದಿನೈದು ವರ್ಷ ಯಾರೂ ಇಂಥ ಪರೀಕ್ಷೆಗೆ ಕರೆಯುವುದಿಲ್ಲ. ಇಎಂಐ ಇನ್ನೂ ಮುಗಿಯದ, ಮೂರು ವರ್ಷದಿಂದ ವಾಟರ್ ವಾಶ್ ಒಂದನ್ನೇ ಸರ್ವಿಸ್ ಎಂದುಕೊಂಡಿರುವ ಗಾಡಿಗಳನ್ನೂ ಅದೇ ದಿನ, ಅದೇ ರೋಲರಿನ ಮೇಲೆ ಹತ್ತಿಸಿ. ಕೆಎ 08ರ ಸಾಲಿನಲ್ಲಿ ಅವುಗಳನ್ನು ಮುಂದೆ ಬಿಡಿ, ಹಿಂದೆ ನಿಲ್ಲಲು ನನ್ನ ಗಾಡಿಗೆ ಅವಸರವಿಲ್ಲ.